ಉಂಡು ಹೋದ ವರದಕ್ಷಿಣೆ

ವರದಕ್ಷಿಣೆಯ ಲೆಕ್ಕ ಬರೆಯಲು ಕುಳಿತಾಗ ನಮ್ಮೆಲ್ಲರ ಬಾಯಿಗೂ ಒಂದೇ ಪಟ್ಟಿ ಬರುತ್ತದೆ: ನಗದು, ಚಿನ್ನ, ಬೈಕು ಅಥವಾ ಕಾರು, ಸೈಟು. ಠಾಣೆಯಲ್ಲಿ ಬರೆದುಕೊಳ್ಳುವುದು ಇದನ್ನೇ, ವಕೀಲರು ಕೇಳುವುದು ಇದನ್ನೇ, ಇಷ್ಟು ವರ್ಷ ಬೀದಿಯಲ್ಲಿ ನಿಂತು ಘೋಷಣೆ ಕೂಗಿದ ನಾವು ಕೂಡ ಹೇಳುತ್ತ ಬಂದಿರುವುದು ಇದನ್ನೇ. ಊಟ ಈ ಪಟ್ಟಿಯಲ್ಲಿಲ್ಲ. ಚಿನ್ನವನ್ನು ಲಾಕರಿನಲ್ಲಿ ಹುಡುಕಬಹುದು, ಕಾರಿಗೆ ನಂಬರು ಇದೆ, ಸೈಟಿಗೆ ಪತ್ರ ಇದೆ. ನಾನೂರು ಜನ ಉಂಡು ಕೈ ತೊಳೆದು ಎದ್ದು ಹೋದ ಮೇಲೆ ಉಳಿಯುವುದು ಹೆಣ್ಣಿನ ಅಪ್ಪನ ಸಾಲ ಮಾತ್ರ. “ನಮ್ಮ ಜನ ಇಷ್ಟು, ಕುರಿ ಇಂಥದ್ದೇ, ಅಡುಗೆಯವನು ನಾವು ಹೇಳಿದವನೇ” ಎಂದು ಗಂಡಿನ ಕಡೆಯವರು ಷರತ್ತು ಹಾಕಿ ಮಾಡಿಸಿಕೊಳ್ಳುವ ಬೀಗರೂಟವೂ ವರದಕ್ಷಿಣೆಯೇ ಎಂದು ನಾನು ಹೇಳುತ್ತೇನೆ. ಅದಕ್ಕೆ ಸಂಪ್ರದಾಯ, ಬಾಂಧವ್ಯ, ಔದಾರ್ಯ ಎಂಬ ಹೆಸರುಗಳನ್ನು ಇಟ್ಟವರು ಉಂಡವರೇ ಹೊರತು ಸಾಲ ತೀರಿಸಿದವರಲ್ಲ.

ಮಂಡ್ಯ ಸೀಮೆಯ ಹೊರಗಿನ ಓದುಗರಿಗಾಗಿ ಒಂದು ಮಾತು. ಧಾರೆಯ ದಿನದ ಊಟ ನಮ್ಮಲ್ಲಿ ಸಾಮಾನ್ಯವಾಗಿ ಸಿಹಿಯೂಟ, ಛತ್ರದಲ್ಲಿ ಆಗುತ್ತದೆ. ಅದು ಮುಗಿದ ಮೇಲೆ ಬೀಗರನ್ನು ಕರೆದು ಹಾಕುವ ಬಾಡೂಟವೇ ಬೀಗರೂಟ. ಕೆಲವರು ಗಂಡಿನ ಮನೆಯಲ್ಲಿ ಮಾಡುತ್ತಾರೆ, ಕೆಲವರು ಹೆಣ್ಣಿನ ಮನೆಯಲ್ಲಿ, ಕೈಲಾಗದಿದ್ದರೂ ಎರಡೂ ಕಡೆ ಮಾಡುವವರುಂಟು. ಮನೆ ಮುಂದೆ ಶಾಮಿಯಾನ, ಹಿತ್ತಲಲ್ಲಿ ಒಲೆ. ಮುದ್ದೆ, ಬೋಟಿ ಗೊಜ್ಜು, ತಲೆಮಾಂಸ, ಚಾಪ್ಸು, ಬಿರಿಯಾನಿ. ಹಿಂದೆ ಊರಿನ ಗಂಡಸರೇ ಕುರಿ ಕೊಯ್ದು, ಕೇರಿಯ ಹೆಂಗಸರೇ ಖಾರ ಅರೆದು, ಕೂಡಿ ಮಾಡುತ್ತಿದ್ದ ಅಡುಗೆ ಅದು. ಈಗ ಮೈಸೂರಿನಿಂದಲೋ ಮಂಡ್ಯದಿಂದಲೋ ಅಡುಗೆ ಕಂಟ್ರಾಕ್ಟರು ತನ್ನ ತಂಡದ ಜೊತೆ ಟೆಂಪೊದಲ್ಲಿ ಬಂದಿಳಿಯುತ್ತಾನೆ. ಅಡುಗೆಗೆ ಯಾರು ಬಂದಿದ್ದರು ಎನ್ನುವುದು ಮದುವೆ ಯಾವ ಛತ್ರದಲ್ಲಾಯಿತು ಎನ್ನುವಷ್ಟೇ ಪ್ರತಿಷ್ಠೆಯ ಸಂಗತಿಯಾಗಿದೆ.

ನನ್ನ ಮುಂದೆ ಒಂದು ಚೀಟಿ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದ ಒಂದು ರೈತ ಕುಟುಂಬ ಮಗಳ ಬೀಗರೂಟಕ್ಕೆ ಮಾಡಿದ ಖರ್ಚನ್ನು ಅವಳ ತಮ್ಮ ನೋಟುಬುಕ್ಕಿನ ಹಾಳೆಯಲ್ಲಿ ಬರೆದಿಟ್ಟಿದ್ದ. ಹುಡುಗಿ ನನ್ನ ವಿದ್ಯಾರ್ಥಿನಿ, ಹೆಸರು ಬರೆಯುವುದಿಲ್ಲ. ಊಟ ಹೆಣ್ಣಿನ ಮನೆಯಲ್ಲೇ ಆಗಬೇಕು, ಬಂಡೂರು ಕುರಿಯೇ ಆಗಬೇಕು, ಮೈಸೂರಿನ ಇಂಥ ಅಡುಗೆಯವನನ್ನೇ ಕರೆಸಬೇಕು ಎಂದು ಗಂಡಿನ ಕಡೆಯವರು ಒಪ್ಪಂದದ ದಿನವೇ ಹೇಳಿದ್ದರು. ಚೀಟಿಯಲ್ಲಿರುವುದು ಹೀಗೆ: ಕುರಿ ಮಾಂಸ 100 ಕೆ.ಜಿ., 1,00,000 ರೂಪಾಯಿ. ನಾಟಿ ಕೋಳಿ 20,000. ಅಕ್ಕಿ, ರಾಗಿ, ಎಣ್ಣೆ, ತೆಂಗಿನಕಾಯಿ, ಮಸಾಲೆ 42,000. ಶಾಮಿಯಾನ, ಪಾತ್ರೆ, ಮೇಜು ಕುರ್ಚಿಯ ಬಾಡಿಗೆ 28,000. ಅಡುಗೆ ತಂಡದ ಕೂಲಿ 36,000. ಕೊನೆಗೆ “ತೋಟದ ಖರ್ಚು” ಎಂದು 46,000. ತೋಟದಲ್ಲಿ ಏನು ನಡೆಯುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ಪ್ಯಾಕೆಟ್ಟು ಹೋಗಿ ಬಾಟಲಿ ಬಂತು, ಅಷ್ಟೇ. ಒಟ್ಟು 2,72,000 ರೂಪಾಯಿ.

ಇದನ್ನು ನಮ್ಮ ಜನಕ್ಕೆ ಅರ್ಥವಾಗುವ ಅಳತೆಯಲ್ಲಿ ಹೇಳುತ್ತೇನೆ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ 10.25ರ ಸಕ್ಕರೆ ಇಳುವರಿಯ ಕಬ್ಬಿಗೆ ನಿಗದಿ ಮಾಡಿದ ದರ ಟನ್ನಿಗೆ 3,400 ರೂಪಾಯಿ. ಆ ದರದಲ್ಲಿ ಈ ಊಟದ ಬೆಲೆ 80 ಟನ್ ಕಬ್ಬು. ಎಕರೆಗೆ 40 ಟನ್ ಬಂತೆಂದರೂ ಎರಡು ಎಕರೆಯ ಇಡೀ ಬೆಳೆ, ಅದೂ ಗೊಬ್ಬರ, ಕಟಾವು, ಸಾಗಾಣಿಕೆ ಯಾವುದನ್ನೂ ಕಳೆಯದೆ. ಆ ಮನೆಗೆ ಇರುವುದು ಒಂದೂವರೆ ಎಕರೆ. ಹಾಗಾದರೆ ದುಡ್ಡು ಎಲ್ಲಿಂದ ಬಂತು? ಒಂದಷ್ಟು ಕೈಸಾಲ. ಮಿಕ್ಕದ್ದನ್ನು ತಾಯಿ ತನ್ನ ಸ್ವಸಹಾಯ ಸಂಘದಲ್ಲಿ ಹಸು ತರುವುದಕ್ಕೆಂದು ಬರೆಸಿ ಎತ್ತಿದಳು. ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಕಟ್ಟಿದ ಸಂಘದ ದುಡ್ಡು ತೋಟದ ಬಾಟಲಿಗೆ ಹೋಯಿತು. ಹಸು ಬರಲಿಲ್ಲ. ಕಂತು ಮಾತ್ರ ವಾರವಾರವೂ ಹೋಗುತ್ತಿದೆ.

ಆ 36,000 ರೂಪಾಯಿ ಕೂಲಿಯ ಒಳಗೂ ಒಮ್ಮೆ ಇಣುಕಬೇಕು. ಮುಖ್ಯ ಅಡುಗೆಯವನಿಗೆ 12,000. ಎಂಟು ಜನ ಗಂಡು ಸಹಾಯಕರಿಗೆ ತಲಾ 1,500. ಬಡಿಸುವ ಎಂಟು ಹುಡುಗರಿಗೆ ತಲಾ 750. ಹತ್ತು ಹೆಂಗಸರಿಗೆ ತಲಾ 600. ಈ ಹೆಂಗಸರು ಹಿಂದಿನ ಸಂಜೆಯೇ ಬಂದು ಮೂಟೆ ಈರುಳ್ಳಿ ಹೆಚ್ಚಿ, ಬೆಳ್ಳುಳ್ಳಿ ಸುಲಿದು, ಬೆಳಗಾಗುವ ಮುಂಚೆ ಬೋಟಿ ತೊಳೆದು, ಮಧ್ಯಾಹ್ನ ಕೈ ಸುಡುತ್ತಿದ್ದರೂ ಮುದ್ದೆ ಕಟ್ಟಿ, ಸಂಜೆ ಹೊತ್ತು ಮುಳುಗುವ ತನಕ ಹಂಡೆ ಕೊಳದಪ್ಪಲೆ ಉಜ್ಜಿದವರು. ಮೂರು ಪಂಕ್ತಿ ಬಡಿಸಿದ ಹುಡುಗನಿಗಿಂತ ಅವರ ಕೂಲಿ ಕಡಿಮೆ. ಅಡುಗೆ ಹೆಣ್ಣಿನ ಹುಟ್ಟುಗುಣ ಎಂದು ಸಾರುವ ಪುರುಷ ಪ್ರಧಾನ ಸಮಾಜ, ಅದಕ್ಕೆ ದುಡ್ಡು ಮತ್ತು ಮರ್ಯಾದೆ ಸಿಗುವ ಜಾಗದಲ್ಲಿ ಮಾತ್ರ ಸೌಟನ್ನು ಗಂಡಸಿನ ಕೈಗೆ ಕೊಟ್ಟುಬಿಟ್ಟಿರುತ್ತದೆ. ಸರ್ಕಾರವೂ ಇದಕ್ಕೆ ಹೊರತಲ್ಲ. 2002–03ರಲ್ಲಿ ಶುರುವಾದ ಅಕ್ಷರ ದಾಸೋಹದಲ್ಲಿ ಶಾಲೆ ಶಾಲೆಗಳಲ್ಲಿ ಮಕ್ಕಳಿಗೆ ದಿನವೂ ಬೇಯಿಸಿ ಹಾಕುವ ಹೆಂಗಸರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಒಂದು ರಾತ್ರಿ ಒಂದು ಹಗಲಿನ ಕೆಲಸಕ್ಕೆ ಆ ಮುಖ್ಯ ಅಡುಗೆಯವನು ಪಡೆದ 12,000, ಗೃಹಲಕ್ಷ್ಮಿಯ ತಿಂಗಳ 2,000ದ ಲೆಕ್ಕದಲ್ಲಿ ಆರು ತಿಂಗಳ ಹಣ.

ಅವನ ಕೂಲಿ ಜಾಸ್ತಿಯಾಯಿತು ಎಂದು ನಾನು ಹೇಳುತ್ತಿಲ್ಲ. ನಾನೂರು ಜನಕ್ಕೆ ಬೇಯಿಸುವುದು ಕಷ್ಟದ ಕೆಲಸ, ಅದಕ್ಕೆ ಬೆಲೆ ಇರಲೇಬೇಕು. ಅದೇ ಕೆಲಸವನ್ನು ಸೊಸೆ ಮಾಡಿದಾಗ ಅದರ ಬೆಲೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಪ್ರಶ್ನೆ. ಮೂರು ದಶಕ ಪದವಿ ತರಗತಿಗೆ ಅರ್ಥಶಾಸ್ತ್ರ ಹೇಳಿದವಳು ನಾನು. ರಾಷ್ಟ್ರೀಯ ವರಮಾನದ ಪಾಠದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗು ಕೊಟ್ಟ ಪ್ರಸಿದ್ಧ ಉದಾಹರಣೆಯೊಂದು ಬರುತ್ತದೆ. ಗಂಡಸೊಬ್ಬ ತನ್ನ ಮನೆಯ ಅಡುಗೆಯವಳನ್ನೇ ಮದುವೆಯಾದರೆ ದೇಶದ ವರಮಾನ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ: ಕೆಲಸ ಅದೇ, ಒಲೆ ಅದೇ, ಸಂಬಳ ನಿಂತುಹೋಯಿತು. ಹುಡುಗರು ಪ್ರತಿವರ್ಷವೂ ನಗುತ್ತಿದ್ದರು. ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಪಿಗುವಿನ ಅಡುಗೆಯವಳಿಗೆ ಸಂಬಳ ಮಾತ್ರ ನಿಂತಿತು. ನಮ್ಮ ಅಡುಗೆಯವಳು ಕೆಲಸಕ್ಕೆ ಸೇರುವಾಗ ಯಜಮಾನನಿಗೆ ತಾನೇ ದುಡ್ಡು ತರಬೇಕು, ಅವನ ನಾನೂರು ಜನ ನೆಂಟರಿಗೆ ಊಟವನ್ನೂ ಹಾಕಿಸಬೇಕು. ಇಂಥ ಷರತ್ತಿನ ಉದ್ಯೋಗ ಭೂಮಿಯ ಮೇಲೆ ಇನ್ನೊಂದಿದೆಯೇ?

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ. ಮಾಡುವ ಗಂಡಸರು 88 ನಿಮಿಷ. ನನ್ನ ವಿದ್ಯಾರ್ಥಿನಿ ಸೇರಿದ ಮನೆಯಲ್ಲಿ ಏಳು ಜನ, ಎರಡು ಹೊತ್ತು ಮುದ್ದೆ, ಮೇಲೆ ಕೊಟ್ಟಿಗೆ ಕೆಲಸ. ಆ ಚೀಟಿಯಲ್ಲಿರುವ ಅತಿ ಕಡಿಮೆ ಕೂಲಿ, ಅಂದರೆ ಪಾತ್ರೆ ಉಜ್ಜಿದವಳ 600 ರೂಪಾಯಿಯನ್ನೇ ಹಿಡಿದರೂ ವರ್ಷಕ್ಕೆ 2,19,000 ಆಗುತ್ತದೆ. ಎರಡು ವರ್ಷ ಅವಳು ಅಲ್ಲಿ ಇದ್ದಳು.

ನಮ್ಮ ನ್ಯಾಯಾಲಯಗಳು ಹೆಂಡತಿಯ ಮನೆಗೆಲಸಕ್ಕೆ ಬೆಲೆ ಕಟ್ಟಿದ್ದುಂಟು, ಆಕೆ ಸತ್ತ ಮೇಲೆ. 1989ರ ಜಮ್‌ಷೆಡ್‌ಪುರದ ಬೆಂಕಿ ದುರಂತದಲ್ಲಿ ತೀರಿಕೊಂಡ ಗೃಹಿಣಿಯರ ಸೇವೆಗೆ ಸುಪ್ರೀಂ ಕೋರ್ಟು 2001ರ ಲತಾ ವಾಧ್ವಾ ಪ್ರಕರಣದಲ್ಲಿ ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಕಟ್ಟಿತು. 2010ರ ಅರುಣ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರ ಮತ್ತು ಕೈದಿಗಳ ಸಾಲಿನಲ್ಲಿಟ್ಟು ದುಡಿಯದವರು ಎಂದದ್ದನ್ನು ಅದು ಟೀಕಿಸಿತು. 2021ರ ಕೀರ್ತಿ ಪ್ರಕರಣದಲ್ಲಿ ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನೇ ಮುಂದಿಟ್ಟು ನ್ಯಾಯಮೂರ್ತಿ ರಮಣ ಅವರು ಮನೆಗೆಲಸದ ಮೌಲ್ಯದ ಬಗ್ಗೆ ಬರೆದರು. ಒಳ್ಳೆಯ ತೀರ್ಪುಗಳು. ಆದರೆ ಇವೆಲ್ಲ ಬೆಂಕಿ ಅಥವಾ ರಸ್ತೆ ಅಪಘಾತದ ಪರಿಹಾರದ ಲೆಕ್ಕ. ಪರಿಹಾರ ಕೈಗೆ ಬರುವಾಗ ಅದನ್ನು ದುಡಿದವಳು ಇರುವುದಿಲ್ಲ. ಗಂಡ ಬದುಕಿದ್ದರೆ ಅವನೂ ಅದರ ವಾರಸುದಾರ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಬೀಗರೂಟದ ದಿನ ಬಿರಿಯಾನಿ ತಳ ಹಿಡಿದಿತ್ತು, ಮೂರನೇ ಪಂಕ್ತಿಯ ಹೊತ್ತಿಗೆ ಚಾಪ್ಸು ಮುಗಿದಿತ್ತು. ಕಂಟ್ರಾಕ್ಟರು ಅವರೇ ಆರಿಸಿದವನು, ಅಡುಗೆ ಅವನದು. ಅವನ ಮೇಲೆ ಯಾರೂ ಕೈ ಎತ್ತಲಿಲ್ಲ, ಪೂರ್ತಿ ಕೂಲಿ ಎಣಿಸಿಕೊಂಡು ಟೆಂಪೊ ಹತ್ತಿದ. ಬಿಲ್ಲು ಹುಡುಗಿಯ ಹೆಸರಿಗೆ ಬಂತು. ಗಂಡನ ಮನೆಗೆ ಹೋದ ವಾರದೊಳಗೆ ನಾದಿನಿ ಶುರುಮಾಡಿದಳು: “ನಮ್ಮ ದೊಡ್ಡಪ್ಪನ ಎಲೆಗೆ ಒಂದು ತುಂಡೂ ಬೀಳ್ಲಿಲ್ವಂತೆ ಕಣತ್ತಿಗೆ.” ಆಮೇಲೆ ಅತ್ತೆ. ಆಮೇಲೆ ಗಂಡ. ಸಾರು ತೆಳ್ಳಗಾದರೆ “ನಿಮ್ಮಪ್ಪ ನಮ್ಮವ್ರಿಗೆ ಬುಟ್ಟನಲ್ಲ, ಅಂಥದ್ದೇ ಸಾರು.” ಕಾರಿನ ಕಂತಿಗೆ ತವರಿನಿಂದ ದುಡ್ಡು ತಾ ಎನ್ನುವುದಕ್ಕೂ ಇದೇ ಪೀಠಿಕೆ. ಎರಡನೇ ವರ್ಷ ಒಂದು ರಾತ್ರಿ ಹುರುಳಿ ಸಾರಿಗೆ ಉಪ್ಪು ಸಾಲದೆಂದು ಅವನು ಕುದಿಯುವ ಪಾತ್ರೆಯನ್ನೇ ಒದ್ದ. ಬಲಗೈ ಮೊಣಕೈವರೆಗೆ ಬೆಂದಿತು. ಆಸ್ಪತ್ರೆಯಲ್ಲಿ ಅವರೇ ಬರೆಸಿದ್ದು “ಕುಕ್ಕರ್ ಸಿಡಿದು” ಎಂದು.

ಈ ಮಾತನ್ನು ನಾವು ಹಿಂದೆಯೂ ಕೇಳಿದ್ದೇವೆ, ಅಲ್ಲವೇ ಗೆಳತಿಯರೇ? 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಅಪಘಾತ, ಆತ್ಮಹತ್ಯೆ ಎಂದು ಮುಚ್ಚಿಹೋಗುತ್ತಿದ್ದ ಹೆಂಗಸರ ಸಾವುಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಮತ್ತೆ ಮತ್ತೆ ಕಂಡ ಕಾರಣ ಸ್ಟೌವ್ ಸಿಡಿತ. ಸೀಮೆಎಣ್ಣೆ ಸ್ಟೌವ್ ಹೋಗಿ ಗ್ಯಾಸು ಬಂದಿದೆ, ಸಿಡಿಯುವ ವಸ್ತುವಿನ ಹೆಸರು ಬದಲಾಗಿದೆ. ಅತ್ತೆ ಮಾವ ಅಡುಗೆ ಮಾಡುವಾಗ ಇವು ಸಿಡಿದದ್ದನ್ನು ನಾನಂತೂ ಕಂಡಿಲ್ಲ.

ತವರಿಗೆ ಬಂದವಳನ್ನು ವಾಪಸು ಕಳಿಸಲು ನಾಲ್ಕು ಜನ ಹಿರಿಯರು ಸಿಂಧಘಟ್ಟದ ಆ ಮನೆಯ ಜಗುಲಿಯಲ್ಲಿ ಕೂತರು. ನಾನೂ ಹೋಗಿದ್ದೆ. ಅವರಲ್ಲೊಬ್ಬರು, ಬೀಗರೂಟದ ಪಂಕ್ತಿಯಲ್ಲಿ ಕೂತು ಉಂಡವರೇ, ಹುಡುಗಿಗೆ ಹೇಳಿದರು: “ಉಪ್ಪು ಖಾರ ಸರಿಯಾಗಿ ಹಾಕುದ್ರೆ ಅವನ್ಯಾಕವ್ವ ಹೊಡೀತಾನೆ?” ಒಬ್ಬ ಮುದುಕರ ಬಾಯಿಮಾತು ಇದು ಎಂದು ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗಂಡ ಹೆಂಡತಿಯನ್ನು ಹೊಡೆಯುವುದು ಯಾವಾಗ ಸರಿ ಎಂದು ಕೇಳುವಾಗ ಕೊಡುವ ಕಾರಣಗಳಲ್ಲಿ “ಅಡುಗೆ ಸರಿಯಾಗಿ ಮಾಡದಿದ್ದರೆ” ಎಂಬುದೂ ಒಂದು. 2019–21ರ ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ ಸುಮಾರು 77 ಹೆಂಗಸರು ಆ ಪಟ್ಟಿಯ ಒಂದಲ್ಲ ಒಂದು ಕಾರಣಕ್ಕೆ ಹೊಡೆತ ಸರಿ ಎಂದರು. ಅದೇ ಸಮೀಕ್ಷೆಯಲ್ಲಿ, ಮದುವೆಯಾದ ಹೆಂಗಸರಲ್ಲಿ ಗಂಡನ ಹಿಂಸೆ ಅನುಭವಿಸಿದವರ ಪ್ರಮಾಣ ನಮ್ಮ ರಾಜ್ಯದಲ್ಲಿ ಶೇ. 44.4, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು.

ಬೀಗರೂಟ ಅನಾದಿ ಕಾಲದಿಂದ ಬಂದದ್ದು ಎನ್ನುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯನ್ನೇ ತೋರಿಸಬಹುದು. ನಮ್ಮಜ್ಜಿಯ ಕಾಲದಲ್ಲಿ ಇದ್ದದ್ದು ತೆರ. ಗಂಡಿನವರು ಹೆಣ್ಣಿನವರಿಗೆ ಕೊಡುತ್ತಿದ್ದರು. ನಮ್ಮಜ್ಜಿಯ ಧಾರೆ ಆದದ್ದೂ ಗಂಡಿನ ಮನೆಯ ಚಪ್ಪರದಲ್ಲಿ, ಗಂಡಿನವರ ಖರ್ಚಿನಲ್ಲಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. 1970ರಲ್ಲಿ ಮತ್ತೆ ಬಂದಾಗ ನಾಲೆ ನೀರು ಕಂಡ ಹಳ್ಳಿಯ ರೈತರಲ್ಲಿ ತೆರ ಹೋಗಿ ವರದಕ್ಷಿಣೆ ಬಂದದ್ದನ್ನು ದಾಖಲಿಸಿದರು. ಎಂ.ಎನ್. ಶ್ರೀನಿವಾಸ್ ಅವರೂ ವರದಕ್ಷಿಣೆಯ ಬಗೆಗಿನ ತಮ್ಮ 1984ರ ಕಿರುಪುಸ್ತಕದಲ್ಲಿ, ಇಂದಿನ ವರದಕ್ಷಿಣೆ ಹಳೆಯ ಸ್ತ್ರೀಧನದ ಮುಂದುವರಿಕೆಯಲ್ಲ, ಆಧುನಿಕ ಕಾಲದ ಹಣ, ಓದು, ನೌಕರಿಗಳ ಕೂಸು ಎಂದೇ ವಾದಿಸಿದರು. ಕನ್ನಂಬಾಡಿ ಕಟ್ಟೆಯ ನೀರಿನಿಂದ ಕಬ್ಬು ಬಂತು, ಕಬ್ಬಿನಿಂದ ಕಾಸು ಬಂತು, ಆ ಕಾಸಿನ ಪಾಲು ಹೆಣ್ಣಿಗೆ ಬರುವ ಬದಲು ಹೆಣ್ಣಿನ ಅಪ್ಪನಿಂದ ಗಂಡಿನ ಅಪ್ಪನಿಗೆ ಹರಿಯಿತು. ಹಾಗಾದರೆ ಯಾವ ಅನಾದಿ?

“ಈಗ ಗಂಡುಗಳಿಗೇ ಹೆಣ್ಣು ಸಿಗುತ್ತಿಲ್ಲ, ವರದಕ್ಷಿಣೆ ಯಾರು ಕೇಳುತ್ತಾರೆ?” ಎನ್ನುವ ಮಾತು ಇತ್ತೀಚೆಗೆ ಬಹಳ ಕೇಳುತ್ತಿದೆ. ನಿಜ, 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಗಂಡುಗಳು ಸಾವಿರಗಟ್ಟಲೆ ಬಂದರು, ಹೆಣ್ಣುಗಳು ಕೆಲವೇ ನೂರು. 2023ರ ಫೆಬ್ರವರಿಯಲ್ಲಿ ಮದುವೆಯಾಗದ ಯುವಕರು ಮಂಡ್ಯ ಜಿಲ್ಲೆಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ಹೆಣ್ಣು ಎಲ್ಲಿ ಹೋದಳು ಎಂಬುದಕ್ಕೆ ಅದೇ ವರ್ಷದ ಕೊನೆಗೆ ಉತ್ತರ ಸಿಕ್ಕಿತಲ್ಲ! ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಮನೆಯಲ್ಲಿ ಆ ಕೆಲಸ. ಮಗಳನ್ನು ಹೊತ್ತ ತಾಯಿಗೆ 80 ಟನ್ ಕಬ್ಬಿನ ಊಟದ ಲೆಕ್ಕ ಗೊತ್ತಿರುವುದಿಲ್ಲವೇ? ನಗದಾಗಿ ಕೇಳಲು ನಾಚಿಕೆಯಾಗುವ ಈ ದಿನಗಳಲ್ಲಿ “ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಡಿ, ಊಟ ಚೆನ್ನಾಗಿರಲಿ” ಎಂಬುದೇ ಬೇಡಿಕೆಯ ಹೊಸ ಭಾಷೆ.

ಊಟವಿಲ್ಲದೆ ಸಂಬಂಧ ಉಳಿಯದು ಎನ್ನುವವರು 2020ನ್ನು ನೆನೆಯಲಿ. ಕೊರೊನಾ ಕಾಲದಲ್ಲಿ ಮದುವೆಗೆ 50 ಜನರ ಮಿತಿ ಹಾಕಿದಾಗ ಮನೆಯ ಮುಂದೆ ಚಪ್ಪರ ಹಾಕಿ, ಮನೆಯಲ್ಲಿ ಬೇಯಿಸಿದ್ದನ್ನು ಉಂಡು ಎದ್ದ ಜೋಡಿಗಳು ನಮ್ಮ ತಾಲ್ಲೂಕಿನಲ್ಲೇ ಎಷ್ಟಿಲ್ಲ? ಬಾಡೂಟ ಬೇಡ ಎಂದು ನಾನು ಹೇಳುತ್ತಿಲ್ಲ. ನಾನೂ ಮುದ್ದೆ ಬೋಟಿ ತಿಂದು ಬೆಳೆದವಳು. ನೆಂಟರಿಗೆ ಉಣ್ಣಿಸುವ ಆಸೆ ಗಂಡಿನ ಅಪ್ಪನಿಗಿದ್ದರೆ ತನ್ನ ಹೊಲದ ಕಬ್ಬು ಮಾರಿ ಉಣ್ಣಿಸಲಿ.

ಇನ್ನು ಕಾನೂನು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ನಿಯಮಗಳು ಬಂದವು: ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಬೇಕು, ಅಂದಾಜು ಬೆಲೆ ಬರೆಯಬೇಕು, ಗಂಡು ಹೆಣ್ಣು ಸಹಿ ಹಾಕಬೇಕು. ಈ ಪಟ್ಟಿ ಮಾಡಿದ ಒಂದು ಮದುವೆಯನ್ನೂ ನಾನು ನೋಡಿಲ್ಲ. ಮಾಡಿದರೂ ಅದರಲ್ಲಿ ಊಟಕ್ಕೆ ಕಲಮು ಇಲ್ಲ. 2007ರಲ್ಲಿ ಅಪ್ಪಾಸಾಹೇಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮನೆಖರ್ಚಿಗೆ, ಗೊಬ್ಬರಕ್ಕೆ ಕೇಳಿದ ಹಣ ವರದಕ್ಷಿಣೆಯಲ್ಲ ಎಂದುಬಿಟ್ಟಿತ್ತು. 2015ರಲ್ಲಿ ರಾಜಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪದೆ, ಕಾಯಿದೆಯನ್ನು ಅದರ ಉದ್ದೇಶಕ್ಕೆ ತಕ್ಕಂತೆ ವಿಶಾಲವಾಗಿ ಓದಬೇಕು ಎಂದಿತು. ಷರತ್ತು ಹಾಕಿ ಪಡೆದ ಊಟವನ್ನೂ ಈ ವ್ಯಾಖ್ಯೆಯೊಳಗೆ ತರಲು ನಮ್ಮ ವಕೀಲ ಗೆಳತಿಯರು ವಾದ ಕಟ್ಟಬೇಕು. “ಕೊಟ್ಟವರೂ ಅಪರಾಧಿಗಳಂತೆ” ಎಂಬ ಭಯದಿಂದ ಎಷ್ಟೋ ಅಪ್ಪಂದಿರು ಬಾಯಿ ಬಿಡುವುದಿಲ್ಲ. ಕಾಯಿದೆಯ 7(3)ನೇ ಕಲಮು ನೊಂದವರು ಕೊಡುವ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡಬಾರದು ಎನ್ನುತ್ತದೆ. ಇದನ್ನು ಹಳ್ಳಿ ಹಳ್ಳಿಯ ಸಂಘಗಳಲ್ಲಿ ಓದಿ ಹೇಳಬೇಕು.

ಹುಡುಗಿ ಆ ಮನೆಗೆ ವಾಪಸು ಹೋಗಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಕೆಳಗೆ ಅರ್ಜಿ ಹಾಕಿದ್ದಾಳೆ. ನಷ್ಟದ ವಿವರ ಬರೆಯುವಾಗ ಚಿನ್ನದ ಕೆಳಗೆ ಬೀಗರೂಟದ 2,72,000 ರೂಪಾಯಿಯನ್ನು, ಅದರ ಕೆಳಗೆ ಎರಡು ವರ್ಷದ ಅಡುಗೆಯ ಕೂಲಿ ದಿನಕ್ಕೆ 600ರಂತೆ 4,38,000 ರೂಪಾಯಿಯನ್ನು ಸೇರಿಸಿದ್ದೇವೆ. ವಕೀಲರು ನಕ್ಕರು, ಆದರೆ ಬರೆದುಕೊಂಡರು. ಅವಳ ಅಪ್ಪ ಮಾತ್ರ “ಉಂಡಿದ್ನೆಲ್ಲ ಬರೀತಾರಾ ಮೇಡಮ್ನೋರೇ, ಊರೋರು ಏನಂದಾರು?” ಎಂದು ಸಂಕೋಚಪಟ್ಟರು. ಸಂಘದ ಕಂತು ಕಟ್ಟುತ್ತಿರುವ ತಾಯಿ ಹೇಳಿದಳು: “ಬರೀರಿ. ತೋಟದ್ದೂ ಬರೀರಿ.”

ಪತ್ರಿಕೆಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ, ನಿಮ್ಮ ಮನೆಯ ಬೀಗರೂಟದ ಲೆಕ್ಕದ ಚೀಟಿ ಇದ್ದರೆ ಸಂಪಾದಕಿಯರಿಗೆ ಕಳಿಸಿ. ಹೆಸರು, ಊರು ಬೇಡ. ಎಷ್ಟು ಜನ ಉಂಡರು, ಅಡುಗೆಯವನನ್ನು ಆರಿಸಿದ್ದು ಯಾರು, ಅವನ ಕೂಲಿ ಎಷ್ಟು, ಪಾತ್ರೆ ತೊಳೆದವಳ ಕೂಲಿ ಎಷ್ಟು, ಸಾಲ ಯಾರ ಹೆಸರಿನಲ್ಲಿದೆ ಎಂಬಷ್ಟನ್ನು ಬರೆದರೆ ಸಾಕು. ಚೀಟಿ ಇಲ್ಲದಿದ್ದರೆ ತಾಯಂದಿರನ್ನು ಕೇಳಿ, ಅವರಿಗೆ ಬಾಯಲ್ಲೇ ಇರುತ್ತದೆ.